ಕಾಟಾದ ಮೇಲೆ ನಿಂತ ಉಸ್ತಾದ್ ಕಾಕಾ

ಮಸ್ಕಿ ಬಿಟ್ಟ ಬಸ್ಸು ಸಿಂಧನೂರಿನ ಹತ್ತಿರ ಬಂದಂತೆ ಹೊಲಗಳ ಬಣ್ಣ ಬದಲಾಗುತ್ತದೆ. ಕಾಲುವೆ ಬರುತ್ತದೆ, ಭತ್ತದ ಗದ್ದೆಗಳು ಬರುತ್ತವೆ, ಆಮೇಲೆ ರೈಸ್ ಮಿಲ್ಲುಗಳ ಚಿಮಣಿಗಳು. ಅಷ್ಟು ಹೊತ್ತಿಗೆ ಕಿಟಕಿಯಿಂದ ಬೇಯುವ ಭತ್ತದ ವಾಸನೆ ಒಳಗೆ ಬಂದುಬಿಟ್ಟಿರುತ್ತದೆ. ಬೆಚ್ಚಗಿನ, ಸ್ವಲ್ಪ ಹುಳಿಯಾದ, ಒದ್ದೆ ಗೋಣಿಚೀಲದಂಥ ವಾಸನೆ. ಉಳಿದವರಿಗೆ ಅದು ಊರು ಬಂತೆಂಬ ಗುರುತು. ಮಲಗಿದ ಮಕ್ಕಳನ್ನು ಎಬ್ಬಿಸುತ್ತಾರೆ, ಮೇಲಿಟ್ಟ ಚೀಲ ಇಳಿಸಿಕೊಳ್ಳುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ.

ಹೋದ ತಿಂಗಳು ಲಿಂಗಸುಗೂರಿನಿಂದ ತವರಿಗೆ ಬರುವಾಗಲೂ ಹಾಗೇ ಆಯಿತು. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, "ಯಾಕ್ರೀ ಅಕ್ಕಾರ, ವಾಂತಿ ಬರಾಕತ್ತೈತೇನ್ರೀ? ತಗೋರಿ, ಮೂಸ್ರಿ" ಎಂದು ತನ್ನ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದುಕೊಟ್ಟಳು. ಉಗುರಿನಿಂದ ಗೀರಿ ಮೂಸಿದೆ. ವಾಸನೆ ಹೋಗಲಿಲ್ಲ. ಬದಲಿಗೆ ಲಿಂಬೆಹಣ್ಣೂ ಅದರ ಜೊತೆ ಸೇರಿಕೊಂಡಿತು. ನಾನು ಅವತ್ತು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದ ಲಿಂಬೆಹಣ್ಣಿನ ನೀರು... ಮಿಲ್ಲಿನ ಅಂಗಳ, ಚೀಲ ತೂಗುವ ಕಾಟಾ, ಅದರ ಮೇಲೆ ಬರಿಗಾಲಲ್ಲಿ ನಿಂತ ಉಸ್ತಾದ್ ಕಾಕಾ.

ಅವರು ನಮ್ಮ ಸಂಬಂಧಿಕರಲ್ಲ. ನಮ್ಮ ಓಣಿಯ ಹಿಂದಿನ ರೈಸ್ ಮಿಲ್ಲಿನಲ್ಲಿ ಕಾವಲಿಗಿದ್ದರು. ಮಿಲ್ಲಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮೂಲ ಗುರುಗುಂಟಾದವರು. ಸಣ್ಣ ವಯಸ್ಸಿನಲ್ಲೇ ಮಿಲಿಟರಿ ಸೇರಿ, ಅಲ್ಲಿ ಬಾಕ್ಸಿಂಗ್ ಕಲಿತು, ಭಾರಿ ತೂಕದವರ ವರ್ಗದಲ್ಲಿ ಆಡಿ, ನೌಕರಿ ಮುಗಿದ ಮೇಲೆ ಈ ಕಡೆ ಬಂದಿದ್ದರು. ಓಣಿಯ ದೊಡ್ಡವರು ಉಸ್ತಾದ ಎನ್ನುತ್ತಿದ್ದರು. ನಾವು ಹುಡುಗರು ಅದಕ್ಕೆ ಕಾಕಾ ಸೇರಿಸಿದೆವು. ಹಾಗಾಗಿ ಅವರ ಹೆಂಡತಿ ನಮಗೆಲ್ಲ ಚಿಗವ್ವ ಆದರು.

ಮಿಲ್ಲಿನ ಹಿಂಭಾಗದಲ್ಲಿ ಒಂದು ಹಳೆಯ ಗೋಡೌನು ಖಾಲಿ ಬಿದ್ದಿತ್ತು. ಮಾಲೀಕರನ್ನು ಕೇಳಿ ಕಾಕಾ ಅದನ್ನು ಬಾಕ್ಸಿಂಗ್ ಕಲಿಸುವ ಜಾಗ ಮಾಡಿಕೊಂಡಿದ್ದರು. ದೊಡ್ಡ ಗೋಣಿಚೀಲಕ್ಕೆ ಭತ್ತದ ಹೊಟ್ಟು ಬಿಗಿಯಾಗಿ ತುಂಬಿ, ಮೇಲೆ ಟಾರ್ಪಾಲು ಹೊಲಿದು, ಕಬ್ಬಿಣದ ತೊಲೆಗೆ ನೇತುಹಾಕಿದ್ದರು. ಹುಡುಗರು ಗುದ್ದಿದಾಗ ಹೊಲಿಗೆಯ ಸಂದಿನಿಂದ ಸಣ್ಣ ಧೂಳು ಏಳುತ್ತಿತ್ತು. ಕಾಕಾ ಗುದ್ದಿದಾಗ ಮಾತ್ರ ಧೂಳಿಗಿಂತ ಮೊದಲು ತೊಲೆ ಸದ್ದು ಮಾಡುತ್ತಿತ್ತು. ಅವರು ಹೆಚ್ಚು ಓಡಾಡುತ್ತಿರಲಿಲ್ಲ. ಕಾಲು ಅಗಲಿಸಿ ನಿಂತು, ಗದ್ದ ಎದೆಗೆ ಒತ್ತಿ, ಕಾಯುತ್ತಿದ್ದರು. ಎರಡು ಗುದ್ದು ತಿಂದು ಒಂದು ಕೊಡುವ ಆಟ ಅವರದು. ಭಾರಿ ತೂಕದಲ್ಲಿ ಆ ಒಂದು ಸಾಕಾಗುತ್ತಿತ್ತಂತೆ.

ಅವರ ಶಿಷ್ಯರಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಮಸ್ಕಿಯ ಹುಡುಗ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಅವನ ಅವ್ವ ಅಂಗನವಾಡಿ ಟೀಚರ್. ಹೈಸ್ಕೂಲಿನಲ್ಲಿದ್ದಾಗಿನಿಂದ ಬಸ್ಸು ಹಿಡಿದು ಬಂದು ಕಲಿತು, ಕಾಲೇಜು ಮುಗಿಸುವ ಹೊತ್ತಿಗೆ ದೊಡ್ಡ ದೊಡ್ಡ ಊರುಗಳಲ್ಲಿ ಗೆದ್ದು ಬಂದಿದ್ದ. ಅವನ ತೂಕ ಕಡಿಮೆ. ಆಟ ಪೂರ್ತಿ ಬೇರೆ. ಅವನು ನಿಲ್ಲುತ್ತಲೇ ಇರಲಿಲ್ಲ. ಒಳಗೆ ಹೋಗಿ ಎಡಗೈಯಲ್ಲಿ ಎರಡು ತಾಗಿಸಿ, ಎದುರಾಳಿಯ ಕೈ ಬರುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿರುತ್ತಿದ್ದ. ಅವನ ಒಂದು ಗುದ್ದಿಗೆ ಯಾರೂ ಬೀಳುತ್ತಿರಲಿಲ್ಲ. ಆದರೆ ಆಟ ಮುಗಿದಾಗ ಅಂಕಗಳೆಲ್ಲ ಅವನ ಕಡೆಗಿರುತ್ತಿದ್ದವು.

"ಇವಂದು ನಾ ಕಲಿಸಿದ ಆಟ ಅಲ್ಲ ತಂಗಿ. ನಾ ಕಲಿಸಿದ್ದು ಬಿಟ್ಟು ಉಳದದ್ದೆಲ್ಲ ಆಡ್ತಾನ" ಎಂದು ಕಾಕಾ ಒಮ್ಮೆ ನನಗೆ ಹೇಳಿದ್ದರು. ಬೈಗುಳದಂತೆ ಹೇಳಿದರೂ ಮುಖ ಅರಳಿತ್ತು.

ಮಿಲ್ಲಿನ ಎದುರಿಗೆ ಒಂದು ಚಹಾದ ಅಂಗಡಿ. ಹಮಾಲರು, ಲಾರಿಯವರು, ಭತ್ತ ತಂದ ವಳಕಮದಿನ್ನಿ ಕಡೆಯ ರೈತರು, ಎಲ್ಲರೂ ಅಲ್ಲೇ ಕೂಡುತ್ತಿದ್ದರು. ಅಲ್ಲಿ ಆ ಚರ್ಚೆ ಯಾವತ್ತು ಶುರುವಾಯಿತೋ ಗೊತ್ತಿಲ್ಲ. ಉಸ್ತಾದ ತನ್ನ ಹರೆಯದಲ್ಲಿ, ಈ ಹುಡುಗ ಈಗ, ಇಬ್ಬರೂ ಎದುರಾದರೆ ಯಾರು ಗೆಲ್ಲುತ್ತಾರೆ?

ಮೊದಮೊದಲು ಅದು ತಮಾಷೆ. ಹಮಾಲರೆಲ್ಲ ಉಸ್ತಾದನ ಕಡೆ. ಭಾರ ಹೊತ್ತವರಿಗೆ ಭಾರದ ಮೇಲೆ ನಂಬಿಕೆ. ಕಾಲೇಜು ಹುಡುಗರೆಲ್ಲ ಮಸ್ಕಿಯವನ ಕಡೆ. ಒಬ್ಬರ ಕಾಲದ ಗ್ಲೌಸು ಬೇರೆ, ಅಂಕ ಹಾಕುವ ರೀತಿ ಬೇರೆ. ಇನ್ನೊಬ್ಬನ ಕಾಲದ ಊಟ, ತರಬೇತಿ ಬೇರೆ. ಹೀಗೆ ಚಹಾ ಆರುವವರೆಗೆ ವಾದ ನಡೆಯುತ್ತಿತ್ತು. ಆದರೆ ಆ ವಾದದಲ್ಲಿ ಒಂದು ಅನ್ಯಾಯವಿತ್ತು. ಹುಡುಗನ ಆಟಗಳೆಲ್ಲ ಎಲ್ಲರ ಮೊಬೈಲಿನಲ್ಲಿದ್ದವು. ಬೇಕಾದಾಗ ತೆಗೆದು, ನಿಲ್ಲಿಸಿ, ಹಿಂದೆ ಮುಂದೆ ಮಾಡಿ ನೋಡಬಹುದಿತ್ತು. ಕಾಕಾ ಆಡಿದ್ದಕ್ಕೆ ಇದ್ದದ್ದು ಗೋಡೆಯ ಮೇಲಿನ ಒಂದೇ ಫೋಟೊ. ಅದರಲ್ಲಿ ಅವರು ಹೊಡೆಯುತ್ತಿರಲಿಲ್ಲ, ಗ್ಲೌಸು ಹಾಕಿಕೊಂಡು ಸುಮ್ಮನೆ ನಿಂತಿದ್ದರು.

ಒಂದು ದಿನ ಚಹಾದವನು ಎಲ್ಲರೆದುರು ಅಂದುಬಿಟ್ಟ. "ಉಸ್ತಾದ್ರ, ಸಿಟ್ಟಾಗಬ್ಯಾಡ್ರಿ. ನೀವು ಗೆದ್ದದ್ದು ಖರೇ ಇರಬಹುದು. ಆದ್ರ ಅದು ಕೈಯಿಂದ ಗೆದ್ದದ್ದೋ, ತೂಕದಿಂದ ಗೆದ್ದದ್ದೋ? ತೂಕ ಅಂದ್ರ ಅಕ್ಕಿ ಚೀಲಕ್ಕೂ ಐತಿ."

ಎಲ್ಲರೂ ನಕ್ಕರಂತೆ. ಕಾಕಾ ಕೂಡ ನಕ್ಕರಂತೆ. ನಗುತ್ತಲೇ, "ಹಂಗಾರ ತೂಕ ಇಳಿಸಿದ್ರಾತು ಬಿಡಪಾ. ವಯಸ್ಸಂತೂ ಇಳಿಸಾಕ ಬರಂಗಿಲ್ಲ" ಎಂದರಂತೆ.

ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಮಾತನ್ನು ಯಾರೋ ಲಿಂಗಸುಗೂರಿನ ಗೆಳೆಯರಿಗೆ ಮುಟ್ಟಿಸಿದರು. ಅಲ್ಲಿನ ಕೆಲ ಹುಡುಗರು ಬೇಸಿಗೆಯಲ್ಲಿ ಆಟದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗುರು ಶಿಷ್ಯರ ಪ್ರದರ್ಶನ ಪಂದ್ಯ ಎಂದು ಘೋಷಿಸಿಯೇ ಬಿಟ್ಟರು. ಒಂದು ವಾರದಲ್ಲಿ ಫ್ಲೆಕ್ಸು ಬಂತು. ಒಂದು ಪಕ್ಕದಲ್ಲಿ ಗೋಡೆಯ ಫೋಟೊದ ಹರೆಯದ ಕಾಕಾ, ಇನ್ನೊಂದು ಪಕ್ಕದಲ್ಲಿ ಮಸ್ಕಿಯ ಹುಡುಗ, ನಡುವೆ ಬೆಂಕಿಯ ಚಿತ್ರ. ಮಿಲ್ಲಿನ ಗೇಟಿಗೂ ಒಂದು ಕಟ್ಟಿದರು. ಹತ್ತಿರ ಹತ್ತಿರ ಅರವತ್ತಾದ ಮನುಷ್ಯ ತನ್ನ ಇಪ್ಪತ್ತೈದರ ಮುಖದ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು ಕೂಡಬೇಕಾಯಿತು. ಇನ್ನು ಹಿಂದೆ ಸರಿಯುವುದು ಹೇಗೆ?

ಹರೆಯದ ಮೈ ಇಳಿದ ಮೇಲೂ ಕಾಕಾ ಎಂಬತ್ತು ಕಿಲೋದ ಹತ್ತಿರ ಇದ್ದರು. ಹುಡುಗ ಅರವತ್ತರ ಮೇಲೆ ಸ್ವಲ್ಪ. ನಡುವೆ ಎಪ್ಪತ್ತಕ್ಕೆ ಇಬ್ಬರೂ ಬರಬೇಕೆಂದು ಮಾತಾಯಿತು. ಒಬ್ಬರು ಇಳಿಯಬೇಕು, ಒಬ್ಬ ಏರಬೇಕು. ತೂಗುವುದಕ್ಕೆ ಮಿಲ್ಲಿನ ಕಾಟಾ ಇತ್ತು. ಭತ್ತದ ಚೀಲ ಇಳಿಸಿದ ಮೇಲೆ ಅದೇ ಕಾಟಾದ ಮೇಲೆ ಗುರು ಹತ್ತುತ್ತಿದ್ದರು, ಆಮೇಲೆ ಶಿಷ್ಯ. ಹಮಾಲರು ಸುತ್ತ ನಿಂತು ಕೂಗುತ್ತಿದ್ದರು.

"ಉಸ್ತಾದ್ರ, ಕೈ ಗೋಡಿಗೆ ಹಚ್ಚಬ್ಯಾಡ್ರಿ, ಮೋಸ ಆತದು!"

"ಲೇ ಮಸ್ಕಿ, ಮತ್ತೆರಡು ಬಾಳಿಹಣ್ಣು ನುಂಗಲೇ, ಮುಳ್ಳು ಅಳ್ಳಾಡವಲ್ಲದು!"

ಆ ದಿನಗಳಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಸಿಂಧನೂರಿನದೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕೆಲಸ ಮುಗಿಸಿ ಬರುವಾಗ ಮಿಲ್ಲಿನ ಗೇಟಿನಿಂದ ಇಣುಕಿ ನಾನೂ ನಕ್ಕಿದ್ದೇನೆ. ನಗುವಂಥದೇ ಆಗಿತ್ತು. ಒಂದೇ ಗೋಡೌನಿನಲ್ಲಿ ಹುಡುಗ ಮೊಟ್ಟೆ ಸುಲಿದು ತಿನ್ನುತ್ತಿದ್ದ, ಎದುರಿಗೆ ಗುರುಗಳು ಅರ್ಧ ರೊಟ್ಟಿಯನ್ನು ಹರಿದು ಹರಿದು ಚಿಕ್ಕದು ಮಾಡಿ ತಿನ್ನುತ್ತಿದ್ದರು. ಬೇಸಿಗೆ ಏರುವ ಹೊತ್ತಿಗೆ ಕಾಕಾ ಎಪ್ಪತ್ತಕ್ಕೆ ಬಂದೇಬಿಟ್ಟರು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಜೋಲುತ್ತಿತ್ತು. ಆದರೂ ಗಟ್ಟಿಯಿದ್ದರು. ಅಷ್ಟಕ್ಕೇ ನಿಂತಿದ್ದರೆ...

ನಿಲ್ಲಲಿಲ್ಲ. ಅದಕ್ಕೆ ಕಾರಣ ಹುಡುಗನ ಪ್ರೀತಿ.

ಗುರು ಸೊರಗುವುದನ್ನು ನೋಡಲಾರದೆ ಅವನು ಮಿತಿಮೀರಿ ತಿನ್ನತೊಡಗಿದ್ದ. ಕಾಟಾ ಹತ್ತುವ ಮೊದಲು ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ತಾನು ಇನ್ನೂ ಮೇಲೆ ಏರಿದರೆ ಉಸ್ತಾದರು ಇಳಿಯುವುದು ತಪ್ಪುತ್ತದೆ, ಎರಡು ರೊಟ್ಟಿ ಹೊಟ್ಟೆ ತುಂಬ ತಿನ್ನುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಲಿಂಗಸುಗೂರಿನ ಪಂದ್ಯವಾದ ಕೆಲವೇ ದಿನಕ್ಕೆ ಅವನಿಗೆ ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ಆಯ್ಕೆ ಇತ್ತು. ಅಲ್ಲಿ ಅವನು ತನ್ನ ಹಳೆಯ ತೂಕಕ್ಕೇ ಹೆಸರು ಕೊಟ್ಟಿದ್ದ. ಮೈ ಏರಿಸಿಕೊಂಡರೆ ಅಲ್ಲಿ ಕಾಟಾದಲ್ಲೇ ಹೊರಗೆ. ಅದು ಗೊತ್ತಾದ ದಿನ ಕಾಕಾ ಅವನ ಕೈಯಲ್ಲಿದ್ದ ಮೊಟ್ಟೆ ಕಸಿದು ಬೀಸಾಡಿದರಂತೆ.

"ನನ ಸಲುವಾಗಿ ನೌಕರಿ ಕಳಕೊಂತಿಯೇನ್ಲೇ ಮಗನ? ನೀ ನಿನ್ನ ತೂಕಕ್ಕ ಹೋಗು. ನಾ ಅಲ್ಲಿಗೇ ಬರ್ತೀನಿ."

ಮಸ್ಕಿಯ ಹುಡುಗನೇ ಆಮೇಲೆ ನನಗೆ ಇದನ್ನು ಹೇಳಿದ. ಆಟವೇ ಬೇಡ ಉಸ್ತಾದ್ರ, ನಾನು ಸೋತೆ ಅಂತ ಎಲ್ಲರ ಮುಂದೆ ಒಪ್ಪಿಕೊಳ್ತೀನಿ ಎಂದು ಅವನು ಕಾಲು ಹಿಡಿದನಂತೆ. ಅದನ್ನು ಕೇಳಿ ಕಾಕಾ ಇನ್ನೂ ಸಿಟ್ಟಾದರಂತೆ.

ಊಟ ಬಿಡುವುದರಿಂದ ಇಳಿಯಬಹುದಾದದ್ದೆಲ್ಲ ಇಳಿದಾಗಿತ್ತು. ಉಳಿದದ್ದನ್ನು ಇಳಿಸಲು ಮಿಲ್ಲಿನವರೇ ದಾರಿ ಹೇಳಿಕೊಟ್ಟರು. ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಹಸಿ ಭತ್ತ ಬಂದರೆ ಒಣಗಿಸುತ್ತಾರೆ. ಒಣಗಿದ ಮೇಲೆ ತೂಕ ಇಳಿಯುತ್ತದೆ, ಕಾಳು ಮಾತ್ರ ಅಷ್ಟೇ ಇರುತ್ತದೆ. ದಿನಾ ಕಣ್ಣಾರೆ ನೋಡುವ ಸತ್ಯ ಅದು. ಮನುಷ್ಯನ ಮೈಯಲ್ಲೂ ಹಸಿ ಇರುತ್ತದೆ, ಅದನ್ನು ತೆಗೆದರೆ ತೂಕ ಹೋಗುತ್ತದೆ, ತಾಕತ್ತು ಉಳಿಯುತ್ತದೆ ಎಂದು ಭತ್ತ ಬೇಯಿಸುವ ಹಿರಿಯ ಕೆಲಸಗಾರ ಹೇಳಿದ. ಕಾಕಾ ಒಪ್ಪಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಇವತ್ತಿಗೂ ನನ್ನನ್ನು ಹೆದರಿಸುವುದು ಇದೇ. ಬೈಯಲು ಒಬ್ಬ ಕೆಟ್ಟವನೂ ಸಿಗುವುದಿಲ್ಲ.

ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಶಾಲೆಗೆ ರಜೆ ಬೀಳುವ ಮೊದಲೇ ಉರಿಯುವ ಆ ಬಿಸಿಲಿನಲ್ಲಿ ಕಾಕಾ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಮೇಲೆ ಗೋಣಿಚೀಲ ಹೊದ್ದು, ಭತ್ತ ಬೇಯುವ ಹಂಡೆಗಳ ಪಕ್ಕ ಕುಳಿತುಕೊಳ್ಳತೊಡಗಿದರು. ಸುತ್ತ ಉಗಿ. ನೀರು ಬಿಟ್ಟರು. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು.

ಚಿಗವ್ವ ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸು, ದಿನಾ ನೂರಾರು ಮಕ್ಕಳಿಗೆ ಉಣಬಡಿಸಿ ಬಂದು, ಮನೆಯಲ್ಲಿ ಗಂಡನ ತಾಟು ಹಾಗೇ ಇರುವುದನ್ನು ನೋಡುತ್ತಿದ್ದರು.

"ತಂಗಿ, ನೀ ಓದಿದಾಕಿ. ನಾ ಅಂದ್ರ ಹೆಂಗಸರ ಮಾತು ಅಂತಾರ. ನೀ ಲ್ಯಾಬಿನ ಮಾತು ಹೇಳು. ಕೇಳ್ಯಾರೇನೋ ನೋಡೂಣು."

ಹೋದೆ. ಲಿಂಬೆಹಣ್ಣು ಹಿಂಡಿ, ಉಪ್ಪು ಸಕ್ಕರೆ ಹಾಕಿದ ನೀರಿನ ಬಾಟಲಿ ಹಿಡಿದುಕೊಂಡು ಹೋದೆ. ಉಗಿಯ ನಡುವೆ ಅವರ ಕಣ್ಣುಗಳಷ್ಟೇ ಕಾಣಿಸುತ್ತಿದ್ದವು. ನಾನು ಕಲಿತದ್ದನ್ನೆಲ್ಲ ಹೇಳಿದೆ. ರಕ್ತ ದಪ್ಪಗಾಗುತ್ತದೆ, ಉಪ್ಪಿನ ಅಂಶ ಏರುಪೇರಾಗುತ್ತದೆ, ಹೃದಯ ತಾಳ ತಪ್ಪುತ್ತದೆ, ಮೂತ್ರಪಿಂಡ ನಿಲ್ಲುತ್ತದೆ ಎಂದೆ. ಅವರು ಭತ್ತದ ಮಾತು ತೆಗೆದರು.

"ಭತ್ತಕ್ಕ ಕಿಡ್ನಿ ಇರಂಗಿಲ್ರಿ ಕಾಕಾ" ಎಂದೆ.

ಜೋರಾಗಿ ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು. "ಲ್ಯಾಬಿನಾಕಿ ಅದಿ ನೋಡು, ಎಲ್ಲಾರ ಹೊಟ್ಟ್ಯಾಗೂ ನಿನಗ ಕಿಡ್ನೀನ ಕಾಣಸ್ತೈತಿ."

"ಚಹಾದಂಗಡಿಯಾವ ಏನೋ ಅಂದ ಅಂತ ಜೀವ ಕೊಡ್ತೀರೇನ್ರಿ?"

ಆಗ ಅವರ ಮುಖದ ನಗು ಹೋಯಿತು. ಆಮೇಲೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಅವ ಅಂದದ್ದು ಇವತ್ತು, ತಂಗಿ. ನಾ ನನಗ ಅಂದ್ಕೊಂಡು ಭಾಳ ವರ್ಷ ಆತು. ಪಲ್ಟನ್ನಾಗ ನನ್ನ ಎದುರಿಗೆ ಬಂದವ್ರೆಲ್ಲ ನನಗಿಂತ ಹಗುರ ಇದ್ರು. ನಾ ಗೆದ್ದದ್ದು ಕೈಯಿಂದೋ, ಬರೇ ಮೈಯಿಂದೋ, ನನಗ ಇನ್ನಾ ಗೊತ್ತಿಲ್ಲ. ಆ ಹುಡುಗನ ಕೈಯಾಗಿನ ಆಟ ನೋಡಿದಾಗೆಲ್ಲ, ನನಗ ಇಂಥಾದ್ದು ಬರ್ತಿತ್ತೇನು ಅಂತ ಅನಸ್ತೈತಿ. ಒಮ್ಮೆ ಅವನ ತೂಕದಾಗ ಅವನ ಎದುರಿಗೆ ನಿಂತು ನೋಡ್ಬೇಕು. ಸೋತ್ರೂ ಅಡ್ಡಿಯಿಲ್ಲ. ಗೊತ್ತಾಗಬೇಕು, ಅಷ್ಟ."

ಅದಕ್ಕೆ ನನ್ನ ಹತ್ತಿರ ಯಾವ ಪರೀಕ್ಷೆಯೂ ಇರಲಿಲ್ಲ. ಬಾಟಲಿಯನ್ನು ಅವರ ಪಕ್ಕದಲ್ಲಿಟ್ಟೆ. "ಆಟ ಮುಗದ ಮ್ಯಾಲ ಕುಡೀತೀನಿ, ಇಟ್ಟಿರು" ಎಂದರು. ನಾನು ಅಪ್ಪನಿಗೆ ಹೇಳಿದೆ, ಅಪ್ಪ ಹೋಗಿ ಹೇಳಿ ಬಂದ. ಮಿಲ್ಲಿನ ಮಾಲೀಕರಿಗೆ ಹೇಳಿದೆ. ಅವರು ಉಸ್ತಾದನ ಜಿದ್ದು ನಿನಗೆ ಗೊತ್ತಿಲ್ಲವೇನಮ್ಮ ಎಂದು ಕೈ ಚೆಲ್ಲಿದರು. ಲಿಂಗಸುಗೂರಿನ ಹುಡುಗರಿಗೆ ಫೋನು ಮಾಡಿದೆ. "ಅಕ್ಕಾರ, ಪೆಂಡಾಲು ಹಾಕ್ಯಾರ್ರೀ" ಎಂದರು, ಅದೇ ಉತ್ತರವೆಂಬಂತೆ.

ಪಂದ್ಯದ ದಿನ ಮಧ್ಯಾಹ್ನ ಲಿಂಗಸುಗೂರಿಗೆ ಹೊರಡುವ ಮೊದಲು ಮಿಲ್ಲಿನ ಕಾಟಾದ ಮೇಲೆ ಕೊನೆಯ ತೂಕ. ಅಂಗಳದ ತುಂಬ ಮಂದಿ. ಚಿಗವ್ವ ನೋಡಲಾರೆನೆಂದು ಶಾಲೆಗೆ ಹೋಗಿಬಿಟ್ಟಿದ್ದರು. ನನ್ನನ್ನು ಕಳಿಸಿದ್ದರು. ನಾನು ಕಾಟಾದ ಹತ್ತಿರವೇ ನಿಂತೆ. ಕೈಯಲ್ಲಿ ಮತ್ತೆ ಹೊಸದಾಗಿ ಮಾಡಿದ ಲಿಂಬೆಹಣ್ಣಿನ ನೀರು.

ಮೊದಲು ಹುಡುಗ ಹತ್ತಿ ಇಳಿದ. ಆಮೇಲೆ ಕಾಕಾ ಬಂದರು. ಆ ಎತ್ತರದ ಮನುಷ್ಯ, ಆ ಅಗಲವಾದ ಭುಜದ ಎಲುಬು... ಅದರೊಳಗಿದ್ದ ಕಾಕಾ ಮಾತ್ರ ಎಲ್ಲೋ ಹೋಗಿದ್ದರು. ಚರ್ಮ ಕೈಯ ಮೇಲೆ ಕಾಗದದಂತೆ ಮಡಚಿಕೊಳ್ಳುತ್ತಿತ್ತು. ಅಂಥ ಬಿಸಿಲಿನಲ್ಲಿ ಅವರ ಹಣೆಯ ಮೇಲೆ ಒಂದು ಹನಿ ಬೆವರು ಇರಲಿಲ್ಲ. ನಾನು ನೋಡಿದ್ದು ಅದನ್ನೇ. ಬೆವರು ನಿಂತಿದೆ ಎಂದು ಪಕ್ಕದವನಿಗೆ ಹೇಳಿದೆ. ಅವನು, "ಒಣಗ್ಯಾರ ಬಿಡ್ರೀ, ಪಕ್ಕಾ ಆಗ್ಯಾರ" ಎಂದು ಸಂತೋಷದಿಂದ ಅಂದ.

ಕಾಕಾ ಕಾಟಾ ಹತ್ತಿದರು. ತೂಗುವವನು ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದ. "ಸರಿಸಾಟಿ! ಇಬ್ರೂ ಸರಿಸಾಟಿ ಅದಾರ!"

ಅಂಗಳ ಒಮ್ಮೆಲೇ ಸಿಡಿಯಿತು. ಸೀಟಿ, ಚಪ್ಪಾಳೆ, ಖಾಲಿ ಡಬ್ಬ ಬಡಿಯುವ ಸದ್ದು. ಚಹಾದವನು ಅಂಗಡಿ ಬಿಟ್ಟು ಓಡಿ ಬಂದವನು, "ಉಸ್ತಾದ್ರ, ನನ ಮಾತು ನುಂಗಿದೆ ನೋಡ್ರಿ" ಎಂದು ಕೆನ್ನೆ ಬಡಿದುಕೊಂಡ. ಹುಡುಗ ಬಗ್ಗಿ ಗುರುಗಳ ಪಾದ ಮುಟ್ಟಿದ. ಆಗ ಯಾರೋ ಕೂಗಿದರು, ಒಮ್ಮೆ ಇಬ್ಬರೂ ಕೈ ಎತ್ತಿ ನಿಲ್ಲಲಿ, ಫೋಟೊ ಹೊಡೆಯಬೇಕು ಎಂದು.

ಹುಡುಗ ಕೈ ಎತ್ತಿ ನಿಂತ. ಕಾಕಾ ಕಾಟಾದ ಮೇಲಿಂದಲೇ ಕಾಲು ಅಗಲಿಸಿದರು. ಗದ್ದ ಎದೆಗೆ ಹೋಯಿತು. ಎಡಗೈ ಮುಂದೆ ಬಂತು, ಬಲಗೈ ಕೆನ್ನೆಯ ಪಕ್ಕಕ್ಕೆ ಬಂತು. ಒಂದು ಕ್ಷಣ... ನನಗೆ ಬಾಕ್ಸಿಂಗ್ ಗೊತ್ತಿಲ್ಲ. ಆದರೂ ಗೊತ್ತಾಯಿತು. ಗೋಡೆಯ ಮೇಲಿನ ಫೋಟೊದಲ್ಲಿದ್ದವರು ಅಲ್ಲಿ ನಿಂತಿದ್ದರು. ಮೈ ಎಲ್ಲ ಹೋಗಿ ಆ ನಿಲುವೊಂದೇ ಉಳಿದಿತ್ತು. ಎದುರಿಗಿದ್ದ ಹುಡುಗನ ಮುಖ ಬದಲಾಯಿತು. ಯಾವತ್ತೂ ಒಂದು ಕಡೆ ನಿಲ್ಲದವನು ನಿಂತುಬಿಟ್ಟ. ಎಲ್ಲಿಂದ ಒಳಗೆ ಹೋಗಬೇಕೆಂದು ಅವನಿಗೆ ದಾರಿ ಕಾಣಿಸಲಿಲ್ಲವಂತೆ. ಆಮೇಲೆ ಅವನೇ ಹೇಳಿದ.

ಆ ಕ್ಷಣ ನಾನು ಕಾಕಾನ ಎಡಗೈಯನ್ನು ನೋಡುತ್ತಿದ್ದೆ. ಬೆರಳುಗಳು ತಾವಾಗಿಯೇ ಒಳಗೆ ಸೊಟ್ಟಗಾದವು. ಮುಷ್ಟಿ ಕಟ್ಟಿದ್ದಲ್ಲ, ಸೆಳೆತ. ಆಮೇಲೆ ತುಟಿಯ ಒಂದು ಪಕ್ಕ ಜಗ್ಗಿತು. "ನೀರು ಕುಡೀರಿ ಕಾಕಾ, ಕಾಕಾ!" ಎಂದು ಕೂಗಿದೆ. ಡಬ್ಬದ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ನನ್ನ ಮುಂದೆ ನಾಲ್ಕು ಜನ ಮೊಬೈಲು ಹಿಡಿದು ನಿಂತಿದ್ದರು. ಅವರ ಭುಜ ಹಿಡಿದು ಎಳೆದೆ. ಒಬ್ಬ ತಿರುಗಿ, "ತಡೀರಿ ಅಕ್ಕಾರ, ಫೋಟೊ ಸರಿಯಾಗಿ ಬೀಳವಲ್ದು" ಎಂದ.

ಕಾಕಾ ಬೀಳಲಿಲ್ಲ. ನಿಧಾನಕ್ಕೆ ಕಾಟಾದ ಮೇಲೇ ಕುಳಿತುಕೊಂಡರು, ಕೆಲಸ ಮುಗಿಸಿ ದಣಿದವರಂತೆ. ಕುಳಿತು ಒಂದು ಪಕ್ಕಕ್ಕೆ ವಾಲಿದರು. ಮಂದಿ ಆಗಲೂ ಚಪ್ಪಾಳೆ ತಟ್ಟುತ್ತಿದ್ದರು.

ಮೊದಲು ಓಡಿದವನು ಹುಡುಗ. ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡುಬಿಟ್ಟ. ಎಷ್ಟು ಸಲೀಸಾಗಿ ಎತ್ತಿಕೊಂಡನೆಂದರೆ ಅವನೇ ಬೆಚ್ಚಿದ. ಯಾರೂ ಒಂದು ಹೆಜ್ಜೆ ಹಿಂದೆ ಸರಿಸಲಾರದ ಆ ಮನುಷ್ಯ, ಈಗ ಅವನಷ್ಟೇ ತೂಕ. ಆಟೋದಲ್ಲಿ ನಾನು ಕಾಕಾನ ತಲೆ ಹಿಡಿದು ಕುಳಿತೆ. ಬಾಟಲಿ ತುಟಿಗೆ ಹಚ್ಚಿದರೆ ನೀರು ಗದ್ದದ ಮೇಲೆ ಇಳಿದು ಹೋಗುತ್ತಿತ್ತು. ನನ್ನ ಸೀರೆಯೆಲ್ಲ ಲಿಂಬೆಯ ವಾಸನೆ. ಹುಡುಗ ಕಾಲ ಹತ್ತಿರ ಕುಳಿತು ಅಳುತ್ತ ಒಂದೇ ಮಾತು ಹೇಳುತ್ತಿದ್ದ. "ಹೊಡಿಯಾಕ ಬಂದಿರಲ್ಲ ಉಸ್ತಾದ್ರ... ನನಗ ಹೊಡಿಯಾಕ ಬಂದಿರಲ್ಲ... ಏಳ್ರಿ..."

ಜೀವ ಅವತ್ತು ಹೋಗಲಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಒಯ್ದರು. ವೈದ್ಯರು ಉಳಿಸಿದರು, ಮೂತ್ರಪಿಂಡವನ್ನು ಮಾತ್ರ ಉಳಿಸಲಾಗಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಡಯಾಲಿಸಿಸ್‌ಗೆ ಹೋಗುವುದು, ಬರುವುದು. ಅವರ ರಕ್ತದ ಮಾದರಿ ನಮ್ಮ ಲ್ಯಾಬಿಗೂ ಬರುತ್ತಿತ್ತು. ಯಾವ ಅಂಕಿ ಎಲ್ಲಿಗೆ ಏರಿದೆ ಎಂದು ನಾನೇ ನೋಡುತ್ತಿದ್ದೆ. ನೋಡುವುದಷ್ಟೇ ನನ್ನ ಕೆಲಸವಾಗಿತ್ತು.

ಆ ದಿನದ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ನಾನು ಮಾತಾಡಿಸಲು ಹೋದಾಗ, ಗೋಡೆಯ ಫೋಟೊ ನೋಡುತ್ತ, "ಆ ಹುಡುಗ ನಿಂತುಬಿಟ್ಟ, ನೋಡಿದೇನ ತಂಗಿ?" ಎಂದು ಕೇಳಿದರು. ನೋಡಿದೆ ಎಂದೆ. "ಖರೇ ನಿಂತ್ನೋ, ಪಾಪ ಮುದುಕ ಅಂತ ನಿಂತ್ನೋ?" ಎಂದರು. ಖರೇ ನಿಂತ ಎಂದೆ. ಅವರು ನಂಬಿದರೋ ಇಲ್ಲವೋ... ಭತ್ತದ ಸುಗ್ಗಿ ಬಂದು ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುವ ಹೊತ್ತಿಗೆ ಕಾಕಾ ತೀರಿಕೊಂಡರು.

ಮಸ್ಕಿಯ ಹುಡುಗ ಪೊಲೀಸ್ ಆಯ್ಕೆಗೆ ಹೋಗಿದ್ದ. ಕಾಟಾ ನೋಡಿದ ಕೂಡಲೇ ಅದನ್ನು ಹತ್ತದೆ, ಆಡದೆ ವಾಪಸು ಬಂದ. ಗುರುಗಳು ಯಾವುದನ್ನು ಉಳಿಸಲು ಅಷ್ಟು ಕೆಳಗೆ ಇಳಿದರೋ, ಅದೂ ಉಳಿಯಲಿಲ್ಲ. ಈಗ ಮಸ್ಕಿಯಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಆಟದ ಮಾಸ್ತರ. ಮಕ್ಕಳಿಗೆ ಕಬಡ್ಡಿ ಕಲಿಸುತ್ತಾನೆ, ಖೋ ಖೋ ಕಲಿಸುತ್ತಾನೆ. ಬಾಕ್ಸಿಂಗ್ ಕಲಿಸುವುದಿಲ್ಲ.

ಇವನ್ನೆಲ್ಲ ಹೊತ್ತುಕೊಂಡೇ ಹೋದ ತಿಂಗಳು ಬಸ್ಸಿಳಿದೆ. ತವರಿಗೆ ಬಂದರೆ ಚಿಗವ್ವನನ್ನು ನೋಡದೆ ಹೋಗುವುದಿಲ್ಲ. ಅವರು ಈಗ ಶಾಲೆಯ ಹತ್ತಿರದ ಬಾಡಿಗೆ ಮನೆಯಲ್ಲಿದ್ದಾರೆ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿ ಕುಳಿತಿದ್ದರು. ಕೆಳಗೆ ಹಾಸಿದ್ದು ಆ ಫ್ಲೆಕ್ಸು. ಮಿಲ್ಲಿನ ಗೇಟಿನಿಂದ ಬಿಚ್ಚಿದ್ದನ್ನು ಅವರೇ ತಂದಿಟ್ಟುಕೊಂಡಿದ್ದರು. ಬಿಸಿಲಿಗೆ ಬಣ್ಣ ಹೋಗಿದೆ, ನಡುವಿನ ಬೆಂಕಿ ಹಳದಿ ಕಲೆಯಂತಾಗಿದೆ. ಕೆಂಪು ಕಾಯಿಗಳ ಸಂದಿನಿಂದ ಒಂದು ಕಡೆ ಕಾಕಾನ ಹಣೆ, ಇನ್ನೊಂದು ಕಡೆ ಹುಡುಗನ ಗ್ಲೌಸು ಕಾಣಿಸುತ್ತಿತ್ತು.

ನಾನು ಪಕ್ಕದಲ್ಲಿ ಕುಳಿತು ಕಾಯಿ ತಿರುವತೊಡಗಿದೆ. ಚಿಗವ್ವ ಕೈಯಿಂದ ಒಂದಿಷ್ಟು ಕಾಯಿ ಸರಿಸಿದರು. ಎರಡೂ ಮುಖಗಳು ಪೂರ್ತಿ ಕಾಣಿಸಿದವು.

"ನೋಡಿಲ್ಲಿ. ಫ್ಲೆಕ್ಸಿನ ಅಂಗಡಿಯಾವ ಇಬ್ರನ್ನೂ ಒಂದ ಅಳತಿಗೆ ಕೂಡ್ಸ್ಯಾನ. ಮೊದ್ಲ ಸರಿಸಾಟಿ ಇದ್ರಲ್ಲ ತಂಗಿ ಇಬ್ರೂ. ಇದು ಸಾಲಲಿಲ್ಲೇನು ಅವರಿಗೆ?"

ನಾನು ಕಾಯಿ ತಿರುವುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಅವರು ಪ್ರತಿ ಸಲ ಕೇಳುವುದನ್ನೇ ಕೇಳಿದರು. ಆ ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಸಾರು ಬಡಿಸುತ್ತಿದ್ದವರಿಗೆ ನೋಡಲು ಸಿಗದಿದ್ದುದನ್ನು.

"ಕೈ ಎತ್ತಿ ನಿಂತಾಗ ಹ್ಯಾಂಗ ಕಾಣಸ್ತಿದ್ರು? ಇನ್ನೊಮ್ಮೆ ಹೇಳು."

ಹೇಳಿದೆ. ಕಾಲು ಅಗಲಿಸಿದ್ದು, ಗದ್ದ ಎದೆಗೆ ಹೋದದ್ದು, ಎಡಗೈ ಮುಂದೆ ಬಂದದ್ದು, ಬಲಗೈ ಕೆನ್ನೆಯ ಪಕ್ಕಕ್ಕೆ ಬಂದದ್ದು, ಎದುರಿಗಿನ ಹುಡುಗ ದಾರಿ ಕಾಣದೆ ನಿಂತದ್ದು... ಅಲ್ಲಿಯವರೆಗೆ ಹೇಳಿ ನಿಲ್ಲಿಸಿದೆ. ಯಾವತ್ತೂ ಅಲ್ಲಿಗೇ ನಿಲ್ಲಿಸುತ್ತೇನೆ. ಮುಂದೇನಾಯಿತೆಂದು ಚಿಗವ್ವ ಯಾವತ್ತೂ ಕೇಳಿಲ್ಲ. ಸರಿಸಿದ ಮೆಣಸಿನಕಾಯಿಯನ್ನು ಮತ್ತೆ ಕೈಯಿಂದ ಹರವಿದರು, ಮೊದಲು ಹುಡುಗನ ಮೇಲೆ, ಆಮೇಲೆ, ಸ್ವಲ್ಪ ತಡೆದು, ಕಾಕಾನ ಮೇಲೆ.